ತುಂಗಭದ್ರೆಯ ಎಡದಂಡೆಯಲ್ಲಿ

ಹೊಸಪೇಟೆಯನ್ನು ಬಿಟ್ಟ ರೈಲುಗಾಡಿಯು ತುಂಗಭದ್ರೆಯ ಸೇತುವೆಯನ್ನು ದಾಟಿ ಮುನಿರಾಬಾದಿಗೆ ಬಂದೊಡನೆ ಪ್ರಯಾಣಿಕನು ಕೊಪ್ಪಳದ ಸೀಮೆಯನ್ನು ಹೊಕ್ಕಂತಾಯಿತು. ನಿಜಾಮನ ಕಾಲದಲ್ಲಿ ಕೊಪ್ಪಳ, ಯಲಬುರ್ಗಾಗಳು ಸಾಲಾರ್‌ಜಂಗರ ಜಹಗೀರು. 1956ರಲ್ಲಿ ರಾಯಚೂರಿನೊಡನೆ ಕನ್ನಡನಾಡಿಗೆ ಸೇರಿದ ಈ ಭಾಗವು 1997ರಲ್ಲಿ ಪ್ರತ್ಯೇಕ ಜಿಲ್ಲೆಯಾಯಿತು. ಕೋಟೆ, ಅಶೋಕನ ಶಾಸನ, 1112ರ ಇಟಗಿಯ ಮಹಾದೇವ ದೇವಾಲಯ ಇವುಗಳನ್ನು ನೋಡಲು ಬರುವವರು ಅನೇಕರು. ದಾರಿಯ ಎರಡು ಬದಿಗಳಲ್ಲಿ ದುಡಿಯುವ ಹೆಂಗಸರನ್ನು ನಿಂತು ನೋಡುವವರು ಕಡಮೆ.

ಗಂಗಾವತಿಯ ಕಡೆ ಹೊರಳಿದರೆ ಕಣ್ಣು ಹಾಯುವಷ್ಟು ದೂರ ಬತ್ತದ ಗದ್ದೆ. 1953ರಲ್ಲಿ ಅಣೆಕಟ್ಟೆಯ ನೀರು ಎಡದಂಡೆಯ ಕಾಲುವೆಗೆ ಹರಿಯುವ ಮುನ್ನ ಇಲ್ಲಿ ಬಹುಪಾಲು ಒಣಬೇಸಾಯವೇ. ಜೋಳದ ಹೊಲದಲ್ಲಿ ಕುರ್ಪಿ ಹಿಡಿದು ಕಳೆ ತೆಗೆಯುತ್ತಿದ್ದ ಕೈಗಳು ಕೆಸರಿನಲ್ಲಿ ಸಸಿ ನೆಡುವುದನ್ನು ಕಲಿತವು. ಗುಂಪುಗೂಡಿ, ಎಕರೆಗೆ ಇಷ್ಟೆಂದು ಮಾತಾಡಿಕೊಂಡು, ಬೆಳಗಿನಿಂದ ಸಂಜೆಯವರೆಗೆ ಬೆನ್ನು ಬಾಗಿಸಿ ನಾಟಿ ಮಾಡುವ ಕೆಲಸ ಹೆಂಗಸರದೇ ಆಯಿತು. ಕೂಲಿಯ ಹಣ ಅವರ ಕೈಗೇ ಬಂದದ್ದು ಮನೆಯಲ್ಲಿ ಅವರ ಮಾತಿಗೆ ಒಂದಿಷ್ಟು ತೂಕವನ್ನು ತಂದಿತೆಂಬುದು ದಿಟ. ಗದ್ದೆಯ ಪಹಣಿಯಲ್ಲಿ ಮಾತ್ರ ಅವರ ಹೆಸರು ಇಂದಿಗೂ ವಿರಳ. ಗಂಗಾವತಿಯ ಸೋನಾಮಸೂರಿಯನ್ನು ಮೆಚ್ಚಿ ಉಣ್ಣುವ ಪಟ್ಟಣಿಗರಿಗೆ ಈ ಸಂಗತಿ ಹೊಳೆಯುವುದೆಂತು?

ಕುಷ್ಟಗಿ, ಯಲಬುರ್ಗಾಗಳ ಕಥೆ ಬೇರೆ. ಅಲ್ಲಿ ಮಳೆಯೇ ದೊರೆ. ಅದು ಕೈಕೊಟ್ಟ ವರ್ಷ ಗಂಡಹೆಂಡಿರಿಬ್ಬರೂ ಗಂಟುಮೂಟೆ ಕಟ್ಟಿ ಗುಳೆ ಹೊರಡುತ್ತಾರೆ. ಮುದುಕಿಯೊಬ್ಬಳು ಮನೆಯನ್ನೂ ಮೊಮ್ಮಕ್ಕಳನ್ನೂ ಕಾಯುತ್ತಾಳೆ. ತಮ್ಮನನ್ನೆತ್ತಿಕೊಂಡು ಗುಳೆ ಹೋದ ಹುಡುಗಿಗೆ ಶಾಲೆ ತಪ್ಪುವುದು ಸಹಜ. 2001ರ ಜನಗಣತಿಯಲ್ಲಿ ಜಿಲ್ಲೆಯ ಹೆಂಗಸರಲ್ಲಿ ಓದುಬರಹ ಬಲ್ಲವರು ನೂರಕ್ಕೆ ಸುಮಾರು 40. 2011ರಲ್ಲಿ ಸುಮಾರು 57.

ಶಾಲೆಯ ಮಾತು ಬಂದಾಗ ಕೊಪ್ಪಳ ತಾಲ್ಲೂಕಿನ ಕುಣಿಕೇರಿಯನ್ನು ನೆನೆಯದಿರಲಾಗದು. ಪಹಣಿಯಲ್ಲಿ ಹೆಸರಿದ್ದ ಅಪರೂಪದ ಹೆಂಗಸು ಆ ಊರಿನ ಹುಚ್ಚಮ್ಮ ಚೌದ್ರಿ. ಮಕ್ಕಳಿಲ್ಲದ ಅವರು ತಮ್ಮ ಎರಡು ಎಕರೆ ನೆಲವನ್ನು ಊರಿನ ಸರಕಾರಿ ಶಾಲೆಗೆ ಕೊಟ್ಟರು. ಕೊಟ್ಟು ಮನೆಗೆ ಹೋಗಿ ಕುಳಿತವರಲ್ಲ. ಅದೇ ಶಾಲೆಯಲ್ಲಿ ಬಿಸಿಯೂಟದ ಅಡಿಗೆಯವರಾಗಿ ದುಡಿದರು. ದಾನಿಯ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸುವ ನಾಡಿನಲ್ಲಿ ದಾನಿಯೇ ಒಲೆಯ ಮುಂದೆ ನಿಂತು ಮಕ್ಕಳಿಗೆ ಸಾರು ಬಡಿಸಿದ್ದು ದೊಡ್ಡ ಮಾತು. 2023ರಲ್ಲಿ ಅವರಿಗೆ ರಾಜ್ಯೋತ್ಸವ ಪ್ರಶಸ್ತಿ ಬಂದಿತು.

ಮುನಿರಾಬಾದಿನ ಬಳಿಯಲ್ಲೇ ಹುಲಿಗಿ. ಹುಲಿಗೆಮ್ಮನ ಸನ್ನಿಧಿಗೆ ಹುಣ್ಣಿಮೆ ಹುಣ್ಣಿಮೆಗೂ ಜನ ನೆರೆಯುವುದು. ಈ ತಾಯಿಯ ಹೆಸರಿನಲ್ಲಿಯೂ ಬಡವರ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿ ದೇವದಾಸಿಯರನ್ನಾಗಿ ಮಾಡುತ್ತಿದ್ದರು. ದೇವರಿಗೆ ಬಿಟ್ಟವಳೆಂಬುದು ಹೆಸರಿಗೆ ಮಾತ್ರ. ಅವಳನ್ನು ಅನುಭವಿಸಿದವರು ಊರಿನ ಉಳ್ಳವರು. ಅವಳ ಮಕ್ಕಳು ತಂದೆಯ ಹೆಸರನ್ನು ಬರೆಸಲಾರದೆ ಶಾಲೆಯ ಬಾಗಿಲಲ್ಲಿ ತಲೆತಗ್ಗಿಸಿ ನಿಲ್ಲಬೇಕಾಯಿತು. 1982ರ ಕಾಯಿದೆ ಈ ಪದ್ಧತಿಯನ್ನು ಅಪರಾಧವೆಂದು ಸಾರಿತು. ಕಾಯಿದೆಗೂ ಮುನ್ನ ಮುತ್ತು ಕಟ್ಟಿಸಿಕೊಂಡವರಲ್ಲಿ ಎಷ್ಟೋ ಮಂದಿ ಮುದುಕಿಯರಾಗಿ ಇನ್ನೂ ಈ ಹಳ್ಳಿಗಳಲ್ಲಿದ್ದಾರೆ.

ಕೊಪ್ಪಳ ತಾಲ್ಲೂಕಿನದೇ ಇನ್ನೊಂದು ಹಳ್ಳಿ ಮೋರನಾಳ. ಬಿಳಿಯ ಪರದೆ, ಹಿಂದೊಂದು ದೀಪ, ಬಣ್ಣದ ತೊಗಲಿನ ರಾಮ, ರಾವಣ, ಭೀಮ: ಶಿಳ್ಳೇಕ್ಯಾತರ ಆಟಕ್ಕೆ ಇಷ್ಟೇ ಸಲಕರಣೆ. ಸೀತೆಗೂ ದ್ರೌಪದಿಗೂ ದನಿ ಕೊಡುವವರು ಮನೆಯ ಹೆಂಗಸರು. ಅಳುವ ಸೀತೆಯನ್ನು ಕಂಡು ತಾವೂ ಕಣ್ಣೊರೆಸಿಕೊಳ್ಳುವ ಊರವರಿಗೆ ಅವರ ಮುಖ ಮಾತ್ರ ಕಾಣಿಸದು. ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಎಳೆಯ ಪ್ರಾಯದಲ್ಲೇ ಈ ಪರದೆಯ ಹಿಂದೆ ಕುಳಿತವರು. ಊರೂರು ತಿರುಗಿದ ಗೊಂಬೆಗಳನ್ನು ಕಡಲಾಚೆಯ ದೇಶಗಳಿಗೂ ಒಯ್ದರು. 2025ರಲ್ಲಿ ಅವರಿಗೆ ಪದ್ಮಶ್ರೀ ಬಂದಾಗ ವಯಸ್ಸು ತೊಂಬತ್ತಾರು. ಆಟದುದ್ದಕ್ಕೂ ಪರದೆಯ ಹಿಂದೆಯೇ ಇರುತ್ತಿದ್ದ ಆ ಸುಕ್ಕುಮುಖವನ್ನು ಪತ್ರಿಕೆಗಳು ಅಂದು ಅಚ್ಚುಹಾಕಿದವು. ಅವರ ಮನೆಯವರು ಆ ಆಟವನ್ನು ಇನ್ನೂ ಬಿಟ್ಟಿಲ್ಲ.