ಹಾಲು, ಹಾಳು

ಡೊಂಬಿವಿಲಿಯಿಂದ ಮಹಾಪೆಗೆ ಬಸ್ಸು ಹಿಡಿದವರಿಗೆ ಶೀಳ್ ಫಾಟಾ ತಪ್ಪಿದ್ದಲ್ಲ. ಅಲ್ಲಿ ಲಾರಿಗಳ ನಡುವೆ ಅರ್ಧ ನಿದ್ದೆ ಮುಗಿಯುತ್ತದೆ, ಪಾರ್ಸಿಕ್ ಗುಡ್ಡ ದಾಟುವಾಗ ಉಳಿದರ್ಧ. ಊರಿನ ಹೆಸರು ಮರಾಠಿಯಲ್ಲಿ ಳಕಾರದ ಶೀಳ್. ಹಿಂದಿ ನಾಲಗೆಯವರು ಶೀಲ್ ಅನ್ನುತ್ತಾರೆ. ಇಂಗ್ಲಿಷ್ ಬೋರ್ಡಿಗೆ ಎರಡೂ ಒಂದೇ, ಕಂಡಕ್ಟರನಿಗೂ ಅಷ್ಟೇ. ಯಾವುದನ್ನು ಹೇಳಿದರೂ ಟಿಕೆಟ್ಟಿನ ದುಡ್ಡು ಬದಲಾಗುವುದಿಲ್ಲ. ನಾನು ಮಾತ್ರ ಕನ್ನಡಿಗನ ಜಂಬದಲ್ಲಿ ನಾಲಗೆ ಮಡಚಿ ಶುದ್ಧ ಳಕಾರ ಹೊರಡಿಸುತ್ತೇನೆ. ಪಕ್ಕದವರು ನಿದ್ದೆಯಲ್ಲಿರುವುದರಿಂದ ಯಾರೂ ತಲೆದೂಗಿದ್ದಿಲ್ಲ.

ಆ ಜಂಬ ಇಳಿದದ್ದು ಒಂದು ಪೆನ್‌ಡ್ರೈವಿನಿಂದ.

ಆಫೀಸುಗಳಲ್ಲಿ ಪೆನ್‌ಡ್ರೈವ್ ಇನ್ನೂ ನಿಷಿದ್ಧವಾಗಿರದಿದ್ದ ಕಾಲ. ನಮ್ಮ ಕನ್ನಡ ಬಳಗದ ಸ್ಮರಣ ಸಂಚಿಕೆಗೆ ಬಂದ ಲೇಖನಗಳನ್ನು ಟೈಪು ಮಾಡುವ ಕೆಲಸ ‘ಕಂಪ್ಯೂಟರಿನವನು’ ಎಂಬ ಕಾರಣಕ್ಕೆ ನನ್ನ ತಲೆಗೆ ಬಿದ್ದಿತ್ತು. ಹೋಟೆಲಿನಲ್ಲಿ ಆಯಸ್ಸು ಕಳೆದ ಹಿರಿಯರೊಬ್ಬರು ಹಾಲಿನ ಬಗ್ಗೆ ಬರೆದಿದ್ದರು. ಬೆಳಗಿನ ಜಾವ ತಬೇಲಾದಿಂದ ಬರುವ ಕ್ಯಾನು, ಅದರೊಳಗೆ ಇಳಿಬಿಡುವ ಲ್ಯಾಕ್ಟೋಮೀಟರು, ನೀರು ಬೆರೆಸಿದವನ ಮುಖ. ಟೀಚರೊಬ್ಬರು ಹಾಳು ಹಂಪೆಯ ಪ್ರವಾಸ ಬರೆದಿದ್ದರು. ಮಹಾಪೆಯ ಆಫೀಸಿನಲ್ಲಿ ನನ್ನ ಮುಂದಿದ್ದದ್ದು ಲಿನಕ್ಸ್ ಯಂತ್ರ. ಊಟದ ಬಿಡುವಿನಲ್ಲಿ ಟೈಪು ಮಾಡಿ, ಎರಡು ಫೈಲುಗಳಿಗೆ ಇಂಗ್ಲಿಷ್ ಅಕ್ಷರದಲ್ಲಿ ಹೆಸರಿಟ್ಟೆ: ಒಂದು ಹಾಲು, ಇನ್ನೊಂದು ಹಾಳು. ‘ಬರಹ’ ತಂತ್ರಾಂಶದಲ್ಲಿ ಬೆರಳು ಪಳಗಿಸಿಕೊಂಡವರಿಗೆ ಇದು ಗೊತ್ತು. ಸಣ್ಣ ಎಲ್ ಒತ್ತಿದರೆ ಲ, ದೊಡ್ಡ ಎಲ್ ಒತ್ತಿದರೆ ಳ. ಸಣ್ಣ ಎನ್ ಅಂದರೆ ನ, ದೊಡ್ಡದು ಣ. ಕಿನ್ನಿಕಂಬಳದ ಕೆ.ಪಿ. ರಾವ್ ರೂಪಿಸಿದ ಕೀಲಿಮಣೆಯಲ್ಲೂ ಳ ಬೇಕಾದರೆ ಶಿಫ್ಟ್ ಹಿಡಿಯಲೇಬೇಕು. ಹೀಗಾಗಿ ಎರಡು ಹೆಸರುಗಳ ನಡುವಿನ ಅಂತರ ಒಂದು ಎಲ್ ಮಾತ್ರ.

ಹಾಲನ್ನು ಸೋಮವಾರ ಪೆನ್‌ಡ್ರೈವಿಗೆ ಹಾಕಿದೆ, ಹಾಳನ್ನು ಗುರುವಾರ. ಆಫೀಸಿನ ಯಂತ್ರದಲ್ಲಿ ಮನೆವಾರ್ತೆ ಬೇಡವೆಂದು ಅಲ್ಲಿದ್ದದ್ದನ್ನು ಅಳಿಸಿದೆ. ಟೈಪಾದ ಕಾಗದಗಳು ಆಗಲೇ ರದ್ದಿಗೆ ಹೋಗಿದ್ದವು. ಲಿನಕ್ಸ್‌ಗೆ ದೊಡ್ಡ ಎಲ್, ಸಣ್ಣ ಎಲ್ ಬೇರೆ ಬೇರೆ. ಪೆನ್‌ಡ್ರೈವಿನ ಫ್ಯಾಟ್ ಎಂಬ ಫೈಲ್ ವ್ಯವಸ್ಥೆಗೆ ಎರಡೂ ಒಂದೇ. ಗುರುವಾರದ ಹಾಳು ಬಂದಾಗ ಅದು ‘ಓ, ನಮ್ಮ ಹಾಲು ತಾನೆ’ ಎಂದುಕೊಂಡು ಹಳೆಯ ಫೈಲಿನ ಹೊಟ್ಟೆ ಬರಿದುಮಾಡಿ ಹೊಸದನ್ನು ತುಂಬಿಕೊಂಡಿತು. ಹೆಸರನ್ನು ಮಾತ್ರ ಮುಟ್ಟಲಿಲ್ಲ. ಕಾಪಿ ಮಾಡುವ ಆಜ್ಞೆಯಂತೂ ಮಾತಿಲ್ಲದ ಕೆಲಸಗಾರ, ‘ಅಳಿಸಲೇ?’ ಎಂದು ಕೇಳುವ ಅಭ್ಯಾಸ ಅದಕ್ಕಿಲ್ಲ. ಕರಡು ತಿದ್ದಲು ಕೂತಾಗ ಮೇಲೆ, ಫೈಲಿನ ಹೆಸರು ನೋಡಿ ಹಾಕಿದ ‘ಹಾಲು’ ಎಂಬ ಶೀರ್ಷಿಕೆ, ಅದರ ಕೆಳಗೆ ಹಿರಿಯರ ಹೆಸರು, ಕೆಳಗೆ ವಿರೂಪಾಕ್ಷ ದೇವಸ್ಥಾನ. ಹಿರಿಯರು ಕನ್ನಡಕ ಏರಿಸಿ ಎರಡು ಸಾಲು ಓದಿ ಹೇಳಿದರು: “ಎಂತ ಮಾರಾಯ, ನನ್ನ ಹಾಲು ಒಡೆದು ಹೋಯಿತಲ್ಲ!”

ಹಳ್ಳಿಯ ಶಾಲೆಯಲ್ಲಿ ನಾಲ್ಕು ಗೆರೆಯ ಪುಸ್ತಕದಲ್ಲಿ ದೊಡ್ಡ ಎಬಿಸಿಡಿ, ಸಣ್ಣ ಎಬಿಸಿಡಿ ಬರೆಯುವಾಗಲೇ ಒಂದೇ ಅಕ್ಷರಕ್ಕೆ ಎರಡು ವೇಷ ಯಾಕೆಂದು ನನಗೆ ಅರ್ಥವಾಗಿರಲಿಲ್ಲ. ನಮ್ಮಲ್ಲಿ ಒತ್ತಕ್ಷರ ಕೆಳಗೆ ಕೂರುತ್ತದೆ, ನಿಜ. ಅದು ಕೂರಲು ಜಾಗ ಸಾಲದೆಂದೇ ಹೊರತು ಸಣ್ಣ ಜಾತಿಯದೆಂದಲ್ಲ. ಇಂಗ್ಲಿಷಿನವರ ಭೇದಕ್ಕೆ ಹೆಸರು ಬಂದದ್ದೂ ಅಚ್ಚುಕೂಟದ ಪೆಟ್ಟಿಗೆಗಳಿಂದ. ದೊಡ್ಡಕ್ಷರದ ಮೊಳೆಗಳು ಮೇಲಿನ ಪೆಟ್ಟಿಗೆಯಲ್ಲಿ, ಸಣ್ಣವು ಕೈಗೆ ಹತ್ತಿರ ಕೆಳಗಿನ ಪೆಟ್ಟಿಗೆಯಲ್ಲಿ. ಕಂಪ್ಯೂಟರಿನೊಳಗೆ ಆ ಎರಡು ಪೆಟ್ಟಿಗೆಗಳ ನಡುವಿನ ದೂರ ಸರಿಯಾಗಿ 32. ದೊಡ್ಡ ಎ 65ನೇ ಮನೆ, ಸಣ್ಣ ಎ 97. ಒಂದೇ ಒಂದು ಬಿಟ್ ತಿರುಗಿಸಿದರೆ ದೊಡ್ಡದು ಸಣ್ಣದಾಗುತ್ತದೆ. ಇಷ್ಟು ಸುಲಭವಾದದ್ದರಿಂದಲೇ ‘ಎರಡೂ ಒಂದೇ ಅಂದುಬಿಡೋಣ’ ಎಂಬ ಉದಾರತೆ ಹುಟ್ಟಿರಬೇಕು. ಡಾಸ್ ಎಲ್ಲ ಹೆಸರನ್ನೂ ದೊಡ್ಡಕ್ಷರದಲ್ಲೇ ಇಟ್ಟಿತು. ವಿಂಡೋಸ್ ನೀವು ಬರೆದಂತೆಯೇ ಇಟ್ಟುಕೊಂಡು ಹುಡುಕುವಾಗ ಭೇದ ಮರೆತಿತು. ಮ್ಯಾಕ್ ಕೂಡ ಸಾಮಾನ್ಯವಾಗಿ ಹಾಗೆಯೇ. ಯೂನಿಕ್ಸ್ ಮನೆತನ ಮಾತ್ರ ಮೊದಲಿನಿಂದಲೂ ಕಟ್ಟುನಿಟ್ಟು.

ಉದಾರತೆ ಇಂಗ್ಲಿಷಿನ ಇಪ್ಪತ್ತಾರು ಅಕ್ಷರದೊಳಗೆ ನಿಂತಿದ್ದರೆ ಚೆನ್ನಾಗಿತ್ತು. ತುರ್ಕಿಯವರ ಸಣ್ಣ ಐ ದೊಡ್ಡದಾದಾಗಲೂ ತಲೆಯ ಮೇಲಿನ ಚುಕ್ಕೆ ಬಿಡುವುದಿಲ್ಲ. ಚುಕ್ಕೆಯಿಲ್ಲದ ಐ ಅವರಲ್ಲಿ ಬೇರೆಯೇ ಅಕ್ಷರ. ಯಾರ ಭಾಷೆಯ ನಿಯಮ ಪಾಲಿಸಬೇಕು? ವಿಂಡೋಸ್‌ನ ಎನ್‌ಟಿಎಫ್‌ಎಸ್ ಫೈಲ್ ವ್ಯವಸ್ಥೆ ಇದಕ್ಕೊಂದು ಪಂಚಾಂಗವನ್ನೇ ಇಟ್ಟುಕೊಂಡಿದೆ. ಡಿಸ್ಕ್ ಫಾರ್ಮ್ಯಾಟ್ ಮಾಡುವಾಗಲೇ ಯಾವ ಅಕ್ಷರಕ್ಕೆ ಯಾವುದು ದೊಡ್ಡಣ್ಣ ಎಂಬ 65,536 ಸಾಲುಗಳ ಕೋಷ್ಟಕವನ್ನು, 128 ಕೆಬಿ ಜಾಗ ತಿಂದು, ಆ ಡಿಸ್ಕಿನಲ್ಲೇ ಬರೆದಿಡುತ್ತದೆ. ಆಮೇಲೆ ಲೋಕದ ನಿಯಮ ಬದಲಾದರೂ ಆ ಡಿಸ್ಕಿಗೆ ಹುಟ್ಟಿದಾಗಿನ ಪಂಚಾಂಗವೇ ಗತಿ. ನಡುವೆ ಬದಲಿಸಿದರೆ ಇಷ್ಟು ದಿನ ಬೇರೆಯಾಗಿದ್ದ ಎರಡು ಹೆಸರು ರಾತ್ರೋರಾತ್ರಿ ಒಂದಾಗಿಬಿಡಬಹುದಲ್ಲ.

ಲಿನಕ್ಸ್ ಕೂಡ 2019ರಲ್ಲಿ ಸ್ವಲ್ಪ ಸಡಿಲವಾಯಿತು. 5.2ನೇ ಆವೃತ್ತಿಯಿಂದ, ಬೇಕೆಂದವರು ಒಂದು ಖಾಲಿ ಫೋಲ್ಡರನ್ನು ಮಾತ್ರ ಈ ಭೇದವಿಲ್ಲದ ಪಂಥಕ್ಕೆ ಸೇರಿಸಬಹುದು. ಆದರೂ ಲಿನಕ್ಸ್ ಕರ್ತೃ ಲೈನಸ್ ಟೋರ್ವಾಲ್ಡ್ಸ್ 2025ರಲ್ಲಿ ಈ ಕಲ್ಪನೆಯೇ ತಪ್ಪೆಂದು ಹರಿಹಾಯ್ದರು. ಅವರ ಸಿಟ್ಟಿಗೆ ಆಧಾರವಿದೆ. ಅವರೇ ಶುರುಮಾಡಿದ, ಕೋಡಿನ ಆವೃತ್ತಿಗಳನ್ನು ಕಾಪಿಡುವ ಗಿಟ್ ತಂತ್ರಾಂಶದಲ್ಲಿ 2014ರ ಡಿಸೆಂಬರಿನಲ್ಲಿ ಒಂದು ಕಂಡಿ ಸಿಕ್ಕಿತ್ತು. ಗಿಟ್ ತನ್ನ ಗುಟ್ಟುಗಳನ್ನಿಡುವ ಫೋಲ್ಡರಿನ ಹೆಸರನ್ನೇ ದೊಡ್ಡಕ್ಷರ ಬೆರೆಸಿ ಬರೆದು ಕಳುಹಿಸಿದರೆ ಕಾವಲುಗಾರ ‘ಇದು ಬೇರೆ’ ಎಂದು ಒಳಬಿಡುತ್ತಿದ್ದ. ಒಳಗಿದ್ದ ವಿಂಡೋಸ್, ಮ್ಯಾಕ್‌ಗಳು ‘ಇದು ನಮ್ಮದೇ’ ಎಂದು ಅಪ್ಪಿಕೊಳ್ಳುತ್ತಿದ್ದವು.

ನನ್ನ ಮತ ಲೈನಸ್ ಕಡೆಗೆ. ಮನೆಯಲ್ಲಿ ಈ ಮತಕ್ಕೆ ಬೆಲೆಯಿಲ್ಲ. ಲೈಟ್ ಬಿಲ್ಲಿನ ಫೈಲು ಹುಡುಕುವ ಹೆಂಡತಿಗೆ ಬಿ ದೊಡ್ಡದೋ ಸಣ್ಣದೋ ಯಾಕೆ ನೆನಪಿರಬೇಕು? ಹುಡುಕುವವರಿಗೆ ಸಡಿಲ, ಇಡುವವರಿಗೆ ಬಿಗಿ ಇದ್ದರೆ ಸಾಕು ಎಂದು ನಾನು ರಾಜಿ ಸೂತ್ರ ಮಂಡಿಸಿದ್ದೇನೆ.

ಕನ್ನಡಕ್ಕೂ ಈ ದೊಡ್ಡ-ಸಣ್ಣ ಅಕ್ಷರಗಳ ಪೆಟ್ಟು ಬಿದ್ದಿದೆ. ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ನಮ್ಮ ಅಕ್ಷರಗಳು ಇಂಗ್ಲಿಷಿನವರ ಮನೆಯಲ್ಲಿ ಬಾಡಿಗೆಗಿದ್ದವು. ದೊಡ್ಡ ಡಿ ಇದ್ದ ಕಡೆ ಆ, ಸಣ್ಣ ಡಿ ಇದ್ದ ಕಡೆ ಜ. ಯಾವನಾದರೂ ಪುಣ್ಯಾತ್ಮ ಎಲ್ಲವನ್ನೂ ಸಣ್ಣಕ್ಷರ ಮಾಡಿದರೆ ಆನೆಯ ತಲೆ ಹೋಗಿ ಜಕಾರ ಕೂರುತ್ತಿತ್ತು, ಬಾಲದ ಗುರುತೂ ಸಿಗುತ್ತಿರಲಿಲ್ಲ. ಯೂನಿಕೋಡಿನಲ್ಲಿ ನಮಗೆ ಸ್ವಂತ ಮನೆಯಾದ ಮೇಲೆ ಆ ಭಯ ಹೋಯಿತು. ಸಣ್ಣ ತಕರಾರೊಂದು ಉಳಿದಿದೆ. ‘ಕೊಳ’ದ ಕೊ ಎಂಬಲ್ಲಿನ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಇಡಬಹುದು, ಎತ್ವ ಮತ್ತು ಕೊಂಬಿನ ದೀರ್ಘ ಎಂದು ಎರಡಾಗಿ ಒಡೆದೂ ಇಡಬಹುದು. ಪರದೆಯ ಮೇಲೆ ಎರಡೂ ಒಂದೇ ಕೊಳ. ಮ್ಯಾಕ್‌ನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ವ್ಯವಸ್ಥೆ ಹೆಸರುಗಳನ್ನು ಒಡೆದೇ ಇಡುತ್ತಿತ್ತು, ಲಿನಕ್ಸ್ ಕೊಟ್ಟದ್ದನ್ನು ಕೊಟ್ಟ ಹಾಗೆ ಇಡುತ್ತದೆ.

ಆದರೂ ಈಗ ನಾನು ಫೈಲುಗಳಿಗೆ ಕನ್ನಡ ಲಿಪಿಯಲ್ಲೇ ಹೆಸರಿಡುತ್ತೇನೆ. ಲ ಮತ್ತು ಳ ಅಲ್ಲಿ ಅಕ್ಕಪಕ್ಕದ ಮನೆಯವರು, ಆದರೆ ಅವರಿಬ್ಬರೂ ಒಬ್ಬರೇ ಎಂದು ಈ ವ್ಯವಸ್ಥೆಗಳಲ್ಲಿ ಯಾವುದೂ ಹೇಳುವುದಿಲ್ಲ.

ಹಿರಿಯರು ಹಾಲಿನ ಲೇಖನವನ್ನು ಎರಡನೇ ಸಲ ಕೂತು ಬರೆದುಕೊಟ್ಟರು. ಅದು ಮೊದಲಿನದಕ್ಕಿಂತ ಅರ್ಧ ಪುಟ ಹೆಚ್ಚಿತ್ತು. ಸ್ವಲ್ಪ ನೀರು ಬೆರೆಸಿದ್ದೇನೆಂದು ಅವರೇ ಒಪ್ಪಿಕೊಂಡರು.