ನಮ್ಮ ಓಣಿಯ ನೆರಳು

ಮಕ್ಕಳೇ, ಮೇ ತಿಂಗಳ ನಡುಮಧ್ಯಾಹ್ನ ಬರಿಗಾಲಿನಲ್ಲಿ ರಸ್ತೆಗೆ ಇಳಿದಿದ್ದೀರಾ? ನಾನು ಇಳಿದಿದ್ದೇನೆ. ನಾನಾಗ ನಾಲ್ಕನೆಯ ಇಯತ್ತೆಯಲ್ಲಿದ್ದೆ. ನಮ್ಮ ಊರು ಸೋಲಾಪುರ. ಇಲ್ಲಿ ಬೇಸಿಗೆಯಲ್ಲಿ ಬಿಸಿಲು 40 ಅಂಶ ಸೆಲ್ಸಿಯಸ್ ದಾಟುವುದು ಹೊಸದೇನಲ್ಲ. ಚಾದರಗಳಿಗೆ ಹೆಸರಾದ ನಮ್ಮ ಊರು ಬಿಸಿಲಿಗೂ ಹೆಸರಾಗಿದೆ.

ಒಂದು ಇಕ್ಕಟ್ಟಾದ ಓಣಿಯಲ್ಲಿ ನಮ್ಮ ಮನೆಯಿತ್ತು. ಒಂದೇ ಕೋಣೆ, ಮೇಲೆ ತಗಡು. ಅಪ್ಪ ಕಾರಖಾನೆಯ ಮಗ್ಗದಲ್ಲಿ ಚಾದರ ನೇಯುತ್ತಿದ್ದ. ಅವ್ವ ಹೊಸ್ತಿಲ ಬಳಿ ಕುಳಿತು, ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಬೀಡಿ ಕಟ್ಟುತ್ತಿದ್ದಳು. ಅಜ್ಜಿ ದೂರದ ಬಂಗಲೆಯೊಂದಕ್ಕೆ ಪಾತ್ರೆ ತಿಕ್ಕಲು ಹೋಗುತ್ತಿದ್ದಳು. ಸೂಟಿಯಲ್ಲಿ ನಾನೂ ಅವಳ ಸೆರಗು ಹಿಡಿದು ಹೋಗುತ್ತಿದ್ದೆ.

ಒಂದು ದಿನ ದಾರಿಯಲ್ಲಿ ನನ್ನ ಚಪ್ಪಲಿ ಹರಿಯಿತು. ಕೈಯಲ್ಲಿ ಚಪ್ಪಲಿ ಹಿಡಿದು, ಕಾದ ಹಂಚಿನ ಮೇಲೆ ನಡೆದಂತೆ ಕುಣಿಯುತ್ತ ಓಡಿದೆ. ಬಂಗಲೆಗಳ ರಸ್ತೆಗೆ ತಿರುಗಿದೊಡನೆ ಕಾಲು ಸುಡುವುದು ನಿಂತಿತು! ಬಗ್ಗಿ ನೋಡಿದೆ. ಅದೇ ಡಾಂಬರು, ಅದೇ ಊರು. ಆದರೆ ರಸ್ತೆಯ ಎರಡೂ ಬದಿಗೆ ಬೇವು, ಹುಣಸೆ ಮರಗಳು ಕೊಂಬೆಗೆ ಕೊಂಬೆ ಸೇರಿಸಿ ನಿಂತಿದ್ದವು.

"ಅಜ್ಜಿ, ಇಲ್ಲಿ ಬಿಸಿಲು ಯಾಕ ಇಲ್ಲ?" ಎಂದೆ.

"ಬಿಸಿಲು ಐತೋ ತಮ್ಮಾ. ಗಿಡದ ಮ್ಯಾಲೆ ಐತಿ" ಎಂದು ಅಜ್ಜಿ ನಕ್ಕಳು.

ಅಂದು ನಾನು ಆ ರಸ್ತೆಯ ಮರಗಳನ್ನು ಎಣಿಸಿದೆ. ಐವತ್ತಕ್ಕೂ ಹೆಚ್ಚಿದ್ದವು. ಮನೆಗೆ ಬಂದು ನಮ್ಮ ಓಣಿಯಲ್ಲಿ ಎಣಿಸಲು ಹೋದೆ. ಎಣಿಸುವುದಕ್ಕೆ ಏನೂ ಇರಲಿಲ್ಲ. ಅಜ್ಜಿ ಎಣ್ಣೆ ಡಬ್ಬಿಯಲ್ಲಿ ಬೆಳೆಸಿದ್ದ ತುಳಸಿಯೊಂದೇ ನಮ್ಮ ಹಸಿರು.

ಮರದ ಕೆಳಗೆ ಏಕೆ ತಂಪು ಎಂದು ಆಮೇಲೆ ಶಾಲೆಯಲ್ಲಿ ಕಲಿತೆ. ನೆರಳು ಒಂದು ಕಾರಣ. ಇನ್ನೊಂದನ್ನು ನಿಮ್ಮ ಮನೆಯ ಮಣ್ಣಿನ ಗಡಿಗೆ ಹೇಳುತ್ತದೆ. ಗಡಿಗೆಯ ಮೈ ಒದ್ದೆಯಾಗಿರುತ್ತದೆ, ಅಲ್ಲವೇ? ಆ ನೀರು ಆವಿಯಾಗುವಾಗ ಒಳಗಿನ ಬಿಸಿಯನ್ನೂ ಒಯ್ಯುತ್ತದೆ. ಅದರಿಂದ ಒಳಗಿನ ನೀರು ತಣ್ಣಗಾಗುತ್ತದೆ. ಮರವೂ ಬೇರಿನಿಂದ ನೀರು ಹೀರಿ, ಎಲೆಗಳ ಸಣ್ಣ ಸಣ್ಣ ರಂಧ್ರಗಳಿಂದ ಆವಿಯಾಗಿ ಬಿಡುತ್ತದೆ. ಹಾಗೆ ಸುತ್ತಲಿನ ಗಾಳಿ ತಂಪಾಗುತ್ತದೆ. ನಮ್ಮ ಓಣಿಯಲ್ಲಿ ಈ ಹಸಿರು ಗಡಿಗೆ ಇರಲಿಲ್ಲ. ಗೋಡೆ, ರಸ್ತೆಗಳು ಹಗಲೆಲ್ಲ ಕುಡಿದ ಬಿಸಿಯನ್ನು ರಾತ್ರಿ ನಮ್ಮ ಹಾಸಿಗೆಯ ಸುತ್ತ ಬಿಡುತ್ತಿದ್ದವು. ಅಪ್ಪ ಗೋಣಿಚೀಲ ನೆನೆಸಿ ತಗಡಿನ ಮೇಲೆ ಹಾಸುತ್ತಿದ್ದ. ಅದು ನಿಮಿಷದಲ್ಲಿ ಒಣಗುತ್ತಿತ್ತು.

ಮರುವರ್ಷ ಮೇ ತಿಂಗಳಲ್ಲಿ ಅಜ್ಜಿ ಕೆಲಸದಿಂದ ಮರಳುವಾಗ ನಮ್ಮ ಓಣಿಯ ಬಾಯಲ್ಲೇ ಕುಸಿದು ಬಿದ್ದಳು. ಮೈ ಕೆಂಡದಂತೆ ಸುಡುತ್ತಿತ್ತು. ಕರೆದರೆ ಮಾತಿಲ್ಲ. ನೆರೆಯವರು ಒದ್ದೆ ಬಟ್ಟೆ ಸುತ್ತಿ, ಗಾಳಿ ಬೀಸುತ್ತ, ಆಟೋದಲ್ಲಿ ದವಾಖಾನೆಗೆ ಒಯ್ದರು. ಅಜ್ಜಿ ಉಳಿದಳು. ಆದರೆ ಆ ಬೇಸಿಗೆಯ ನಂತರ ಅವಳು ಕೆಲಸಕ್ಕೆ ಹೋಗಲಾಗಲಿಲ್ಲ. ಅವಳು ಬಿದ್ದದ್ದು ನೆರಳಿನ ರಸ್ತೆ ಮುಗಿದ ಮೇಲೆ, ನಮ್ಮ ಮನೆ ಹತ್ತಿರವಾದಾಗ. ಇದು ನನ್ನ ಮನಸ್ಸಿನಿಂದ ಹೋಗಲೇ ಇಲ್ಲ.

ಮಳೆಗಾಲದಲ್ಲಿ ಶಾಲೆಯಲ್ಲಿ ಸಸಿ ಹಂಚಿದರು. ನಾನೊಂದು ತಂದು ಬಾಗಿಲ ಮುಂದೆ ನೆಟ್ಟೆ. ಎಂಟು ದಿನದಲ್ಲಿ ಮೇಕೆ ತಿಂದಿತು. ಮತ್ತೊಂದು ತಂದೆ. ಅವ್ವ ಸಿಟ್ಟಾದಳು. ನಮ್ಮಲ್ಲಿ ನಳಕ್ಕೆ ದಿನವೂ ನೀರು ಬರುತ್ತಿರಲಿಲ್ಲ. "ಕುಡಿಯಾಕ ನೀರಿಲ್ಲ, ನಿನ್ನ ಗಿಡಕ್ಕ ಎಲ್ಲಿಂದ ತರ್ಲಿ?" ಎಂದಳು. ಅವಳ ಮಾತು ಸುಳ್ಳಲ್ಲ. ಬಡವರಿಗೆ ಮರ ಬೇಡವೆಂದು ಓಣಿ ಬೋಳಾಗಿರಲಿಲ್ಲ. ಅಲ್ಲಿ ಅಂಗಳವಿಲ್ಲ, ನೀರಿಲ್ಲ, ಓಣಿ ಮಾಡುವಾಗ ಮರಕ್ಕೆಂದು ಯಾರೂ ಜಾಗ ಬಿಟ್ಟಿರಲಿಲ್ಲ.

ಎರಡನೆಯ ಸಸಿ ಆಳೆತ್ತರ ಬೆಳೆಯಿತು. ಆಗ ನಮ್ಮ ಗುರುಗಳು ಒಂದು ಸಂಜೆ ಓಣಿಗೆ ಬಂದರು. ಮೇಲೆ ನೋಡಿದರು. ಸಸಿಯ ನೇರಕ್ಕೆ ವಿದ್ಯುತ್ ತಂತಿ! "ಇನ್ನೆರಡು ವರ್ಷಕ್ಕ ಇದರ ತಲಿ ಕಡೀತಾರ. ಗಿಡ ಆಮ್ಯಾಲೆ ನೆಡು ತಮ್ಮಾ. ನೆರಳು ಎಲ್ಲಿ ಬೀಳಬೇಕು ಅನ್ನೂದು ಮೊದಲು ನೋಡು" ಎಂದರು.

ಅವರೂ ನಾನೂ ಓಣಿಯ ಉದ್ದಕ್ಕೂ ನಡೆದೆವು. ಮಧ್ಯಾಹ್ನದ ಮೇಲೆ ಸೂರ್ಯ ಪಶ್ಚಿಮಕ್ಕೆ ವಾಲುತ್ತಾನೆ, ನೆರಳು ಪೂರ್ವಕ್ಕೆ ಬೀಳುತ್ತದೆ. ಹಾಗಾದರೆ ಜನ ಕೂಡುವ ಜಾಗದ ಪಶ್ಚಿಮಕ್ಕೆ ಮರ ಇರಬೇಕು. ನಮ್ಮ ಓಣಿಯ ಜನ ಕೂಡುವುದು ನಳದ ಕಟ್ಟೆಯ ಬಳಿ. ಅದರ ಪಶ್ಚಿಮಕ್ಕೆ ಎರಡು ಮೊಳ ಖಾಲಿ ನೆಲವಿತ್ತು. ಮೇಲೆ ತಂತಿಯಿರಲಿಲ್ಲ. ಕೊಡ ತುಂಬುವಾಗ ಚೆಲ್ಲಿದ ನೀರು ತಾನಾಗಿ ಅತ್ತ ಹರಿಯುತ್ತಿತ್ತು. ನೋಡಿ, ನೀರಿನ ಪ್ರಶ್ನೆಗೂ ಅಲ್ಲೇ ಉತ್ತರ ಸಿಕ್ಕಿತು!

ಅಲ್ಲಿ ಬೇವಿನ ಸಸಿ ನೆಟ್ಟೆವು. ಬೇವು ಗಟ್ಟಿ ಮರ, ಬಿಸಿಲಿಗೆ ಬಗ್ಗುವುದಿಲ್ಲ. ಸುತ್ತ ಜಾಲಿಯ ಮುಳ್ಳು ಕಟ್ಟಿದೆವು. ಮೂರು ಬೇಸಿಗೆ ಕಾಪಾಡಿದೆವು. ನಳ ಬಾರದ ದಿನ ಅವ್ವ ಅಕ್ಕಿ ತೊಳೆದ ನೀರು ಹಾಕುತ್ತಿದ್ದಳು, ನಾನು ನೋಡದ ಹೊತ್ತಿನಲ್ಲಿ! ಕೆಲವು ವರ್ಷಗಳ ಮೇಲೆ ಓಣಿಗೆ ಕಾಂಕ್ರೀಟು ಹಾಕಲು ಬಂದವರು ಬುಡದವರೆಗೂ ಸುರಿಯಲು ಹೊರಟರು. ಅವ್ವ ಮೊರ ಕೆಳಗಿಟ್ಟು ಎದ್ದುಹೋಗಿ ಅಡ್ಡ ನಿಂತಳು. ಬೇರಿಗೆ ನೀರೂ ಗಾಳಿಯೂ ಬೇಕಲ್ಲ! ಬುಡದ ಸುತ್ತ ಒಂದು ಮೊಳ ಮಣ್ಣು ಬಿಡಿಸಿಯೇ ಅವಳು ಹಿಂದೆ ಸರಿದದ್ದು.

ಮಹಾರಾಷ್ಟ್ರದಲ್ಲಿ ನಗರದ ಮರಗಳನ್ನು ಕಾಪಾಡಲು 1975ರಲ್ಲಿಯೇ ಕಾಯದೆಯಾಗಿದೆ. ಅಪ್ಪಣೆಯಿಲ್ಲದೆ ಮರ ಕಡಿಯುವಂತಿಲ್ಲ. ಐದು ವರ್ಷಕ್ಕೊಮ್ಮೆ ಮರಗಳ ಗಣತಿಯನ್ನೂ ಮಾಡಬೇಕು. ಒಳ್ಳೆಯದೇ. ಆದರೆ ಊರಿನಲ್ಲಿ ಒಟ್ಟು ಎಷ್ಟು ಮರ ಎಂದು ಕೇಳಿದರೆ ಸಾಲದು, ಅವು ಯಾರ ಬಾಗಿಲಲ್ಲಿವೆ ಎಂದೂ ಕೇಳಬೇಕು ಎನಿಸುತ್ತದೆ ನನಗೆ. ಬಂಗಲೆಯ ರಸ್ತೆಯ ಐವತ್ತು ಮರಗಳನ್ನು ನಮ್ಮ ಓಣಿಯೊಡನೆ ಕೂಡಿಸಿ ಭಾಗಿಸಿದರೆ ಲೆಕ್ಕದಲ್ಲಿ ನಮಗೂ ಪಾಲು ಬರುತ್ತದೆ. ನೆರಳು ಮಾತ್ರ ಬರುವುದಿಲ್ಲ.

2021ರಲ್ಲಿ ಸೆಸಿಲ್ ಕೊನೈನೆಂಡೈಕ್ ಎಂಬ ವಿದ್ವಾಂಸರು ನಗರಗಳಿಗೆ ಒಂದು ಸರಳ ಅಳತೆ ಹೇಳಿದರು. ಪ್ರತಿ ಮನೆಯಿಂದ ಕನಿಷ್ಠ 3 ಮರ ಕಾಣಬೇಕು. ಪ್ರತಿ ಬಡಾವಣೆಯ ನೆಲದ ಶೇಕಡಾ 30 ಭಾಗದ ಮೇಲೆ ಮರಗಳ ಹಂದರ ಇರಬೇಕು. 300 ಮೀಟರಿನೊಳಗೆ ಉದ್ಯಾನವಿರಬೇಕು. ಮೊದಲನೆಯದನ್ನು ನೀವೂ ಅಳೆಯಬಹುದು, ಅದಕ್ಕೆ ಪಟ್ಟಿ ಬೇಡ, ಕಣ್ಣು ಸಾಕು.

ಅಜ್ಜಿ ಆ ಬೇವಿನ ನೆರಳಿನಲ್ಲಿ ಎರಡು ಬೇಸಿಗೆ ಕುಳಿತಳು. ಈಗ ಅಲ್ಲಿ ಓಣಿಯ ಹೆಣ್ಣುಮಕ್ಕಳು ಮೊರ ಹಿಡಿದು ಸಾಲಾಗಿ ಕೂಡುತ್ತಾರೆ. ಕಳೆದ ಬೇಸಿಗೆಯಲ್ಲಿ ಊರಿಗೆ ಹೋದಾಗ ನಮ್ಮ ಹಳೆಯ ಹೊಸ್ತಿಲ ಮೇಲೆ ನಿಂತು ಎಣಿಸಿದೆ. ಎರಡು ಮರ ಕಂಡವು. ಒಂದು ನಮ್ಮ ಬೇವು. ಇನ್ನೊಂದನ್ನು ಪಕ್ಕದ ಓಣಿಯ ಮಕ್ಕಳು ನೆಟ್ಟಿದ್ದಾರೆ. ಅದಿನ್ನೂ ಮುಳ್ಳಿನ ಬೇಲಿಯೊಳಗೇ ಇದೆ. ನಿಮ್ಮ ಹೊಸ್ತಿಲಿನಿಂದ ಎಷ್ಟು ಕಾಣುತ್ತವೆ?