ಟೀವಿಯ ರೈತನಿಗೆ ಸಿಮ್ ಇಲ್ಲ

ಮಳವಳ್ಳಿ ಸೀಮೆಯ ಒಂದು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆ. ನಲಿ-ಕಲಿ ಕೊಠಡಿ, ಒಂದರಿಂದ ಮೂರನೇ ತರಗತಿವರೆಗಿನ ಮಕ್ಕಳೆಲ್ಲ ಒಟ್ಟಿಗೆ. ಗೋಡೆಯ ಮೇಲೆ ಹಳೇ ವಿದ್ಯಾರ್ಥಿಗಳು ಸೇರಿ ಕೊಡಿಸಿದ ಸ್ಮಾರ್ಟ್ ಟೀವಿ. ಕಿಟಕಿಯಾಚೆ ಕಬ್ಬು, ಕಬ್ಬಿನಾಚೆ ರಾಗಿ. ಈ ವಾರ ರೈತನ ಪಾಠ. ಮಕ್ಕಳು ಕಿಟಕಿಗೆ ಬೆನ್ನು ಹಾಕಿ ಕೂತು ಟೀವಿಯಲ್ಲಿ ಹೊಲ ನೋಡುತ್ತಿದ್ದಾರೆ. ಇದನ್ನು ಕಂಡು ಗೊಣಗುವುದು ಬಹಳ ಸುಲಭ. ಪೇಟೆಯಿಂದ ಬಂದವರೆಲ್ಲ ಅದನ್ನೇ ಮಾಡುತ್ತಾರೆ. ಒಂದಷ್ಟು ದಿನ ಹಿಂದುಗಡೆ ಕೂತು ನೋಡುತ್ತಿದ್ದೇನೆ. ನೋಡಿದಷ್ಟೂ ಗೊಂದಲ ಹೆಚ್ಚುತ್ತಿದೆ, ಆದರೆ ಆ ಕಿಟಕಿಯ ಕಾರಣಕ್ಕಲ್ಲ.

*

ಟೀವಿಯಲ್ಲಿ ಕಪ್ಪು-ಬಿಳಿ ಮಚ್ಚೆಯ ಹಸು ಬಂತು. ಕಾರ್ಟೂನು. ವಿದೇಶಿ ಹಸು ತೋರಿಸಿ ಮಕ್ಕಳ ತಲೆ ಕೆಡಿಸುತ್ತಾರೆ ಎಂಬ ದೂರನ್ನು ನಾವೆಲ್ಲ ಕೇಳಿದ್ದೇವೆ. ಮುಂದಿನ ಸಾಲಿನ ಹುಡುಗಿ ಮಾತ್ರ ಎದ್ದು ನಿಂತು, “ಮಿಸ್, ಅದು ನಮ್ಮ ಹಸ, ಎಚ್ಚೆಫ್ಫು!” ಎಂದಳು. ಹೌದಲ್ಲ. ಈ ಊರಿನ ಡೇರಿಗೆ ಹಾಲು ಹಾಕುವ ಕೊಟ್ಟಿಗೆಗಳಲ್ಲಿ ಕಟ್ಟಿರುವುದು ಹೆಚ್ಚಾಗಿ ಎಚ್‌ಎಫ್ ಮಿಶ್ರತಳಿಯೇ. ಆಮೇಲೆ ಹಳ್ಳಿಕಾರ್ ಬಂತು. ಬೂದು ಮೈ, ಹಿಂದಕ್ಕೆ ಬಾಗಿದ ಉದ್ದನೆ ಕೊಂಬು, 2000ದಲ್ಲಿ ಅಂಚೆ ಚೀಟಿಯ ಮೇಲೂ ಬಂದ ತಳಿ. ಇದು ಅದರ ತವರು ಸೀಮೆ. ಮಕ್ಕಳು ಕೂಗಿದ್ದು “ಜಾತ್ರೆ ಎತ್ತು!” ಎಂದು. ಅಂದರೆ ಅವರ ಪಾಲಿಗೆ ಪರದೆಯ ಮೇಲೆ ನೋಡಬೇಕಾದ ದನ ಹಳ್ಳಿಕಾರ್, ಮನೆಯ ದನ ಹಾಲೆಂಡಿನ ಮೂಲದ್ದು. ನಾನು ಯಾರ ಪರ ಗೊಣಗಬೇಕೋ ತಿಳಿಯಲಿಲ್ಲ.

ಟೀವಿಯ ಹಸುವಿನ ಪಕ್ಕ ಒಂದು ಕರು ಕುಣಿಯುತ್ತಿತ್ತು. “ಅದು ಗಂಡ್ಕರನಾ, ಹೆಣ್ಕರನಾ?” ಎಂದು ಒಬ್ಬ ಕೇಳಿದ. ಮಿಸ್ ತಿಳಿಯದು ಎಂದರು. ಹುಡುಗ ಬಿಡಲಿಲ್ಲ: “ಗಂಡಾದ್ರೆ ಮಾರ್‌ಬುಡ್ತಾರೆ.” ಎಂಟು ವರ್ಷದ ಹುಡುಗನಿಗೆ ಕೊಟ್ಟಿಗೆಯ ಲೆಕ್ಕ ಗೊತ್ತು. ಉಳುಮೆಗೆ ಟ್ರ್ಯಾಕ್ಟರು ಬಂದಮೇಲೆ ಎಚ್‌ಎಫ್ ಹೋರಿಕರುವಿಗೆ ಮೇವು ಹಾಕಿ ಯಾರೂ ಸಾಕುವುದಿಲ್ಲ. ಮಿಸ್ ರಿಮೋಟ್ ಒತ್ತಿ ಮುಂದಿನ ಪ್ರಾಣಿಗೆ ಹೋದರು.

*

ಮುಂದಿನ ಪ್ರಾಣಿ ಕುರಿ. ಟೀವಿಯೇ ಪ್ರಶ್ನೆ ಕೇಳುವ ಆಟ. “ಕುರಿ ನಮಗೆ ಏನು ಕೊಡುತ್ತದೆ?” ಮೂರು ಚಿತ್ರ: ಹಾಲು, ಮೊಟ್ಟೆ, ಉಣ್ಣೆ.

ಇಡೀ ಕೊಠಡಿ ಒಕ್ಕೊರಲಿನಿಂದ: “ಬಾಡು!”

ಬಾಡಿಗೆ ಚಿತ್ರವಿಲ್ಲ, ಅಂಕವೂ ಇಲ್ಲ. ಆದರೆ ಬನ್ನೂರು ಕುರಿಯ ಸೀಮೆಯಲ್ಲಿ ಬೇರೆ ಯಾವ ಉತ್ತರ ಸರಿಯಾದೀತು? ಗಿಡ್ಡ ಕಾಲು, ತುಂಬಿದ ಮೈ, ಒರಟು ಕೂದಲು. ಆ ಕೂದಲಿಗಾಗಿ ಅದನ್ನು ಸಾಕಿದವರನ್ನು ನಾನು ಕಂಡಿಲ್ಲ. ಅದರ ಹೆಸರು ನಡೆಯುವುದು ಮಾಂಸದ ರುಚಿಯ ಮೇಲೆ. ಕೊನೆಗೊಬ್ಬಳು ಉಣ್ಣೆಯನ್ನು ಮುಟ್ಟಿದಳು, ಟೀವಿಯಲ್ಲಿ ಚಪ್ಪಾಳೆ ಕೇಳಿಸಿತು. ಗೊತ್ತಿದ್ದು ಹೇಳಿದ್ದಾಳೋ, ಉಳಿದೆರಡು ಅಲ್ಲವೆಂದು ಲೆಕ್ಕ ಹಾಕಿದ್ದಾಳೋ? ಬಿಡುವಿನಲ್ಲಿ ಕೇಳಿದೆ. “ಟೀವಿಗೆ ಅದೇ ಬೇಕು” ಎಂದಳು.

*

ನನ್ನ ನಿಜವಾದ ಗೊಂದಲ ಶುರುವಾದದ್ದು ನೀರಾವರಿಯ ಭಾಗದಲ್ಲಿ.

ವೀಡಿಯೊದಲ್ಲಿ ಬಾವಿ, ಬಾವಿಯಿಂದ ಎತ್ತುಗಳು ನೀರೆತ್ತುತ್ತಿವೆ. ಕಪಿಲೆ. ಹಿನ್ನೆಲೆಯಲ್ಲಿ ಕೊಳಲು. ಮಕ್ಕಳಿಗೆ ಅದೇನೆಂದು ಗೊತ್ತಾಗಲಿಲ್ಲ. ಒಬ್ಬ ಆ ಎತ್ತುಗಳು ಕಳೆದುಹೋಗಿವೆ ಎಂದುಕೊಂಡ. “ನಿಮ್ಮ ಹೊಲಕ್ಕೆ ನೀರು ಹೇಗೆ ಬರುತ್ತೆ?” ಎಂದು ಮಿಸ್ ಕೇಳಿದ್ದೇ ತಡ, ಸಂತೆ ನೆರೆಯಿತು. “ನಮ್ಮಪ್ಪ ಮನ್ಗಿದ್ದಂಗೇ ಫೋನ್ ಮಾಡ್ತದೆ, ಮೋಟ್ರು ಆನಾಯ್ತದೆ.” “ನಮ್ದಕ್ಕೂ ಸಿಮ್ ಹಾಕ್ಸವ್ರೆ.” “ಒಂದು ಫೇಸ್ ಬರ್ದಿದ್ರೆ ಆಫಾಯ್ತದೆ ಮಿಸ್, ಮೋಟ್ರು ಸುಟ್ಟೋಯ್ತದೆ ಅಂತ.”

ಮೊಬೈಲ್ ಸ್ಟಾರ್ಟರ್. ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟು ಪಾಳಿಯ ಮೇಲೆ ಏಳು ಗಂಟೆ ಬರುತ್ತದೆ, ಅದೂ ಎಷ್ಟೋ ಸಲ ನಡುರಾತ್ರಿ. ಟಾರ್ಚು ಹಿಡಿದು, ಹಾವಿಗೆ ಹೆದರುತ್ತ ಹೊಲಕ್ಕೆ ಹೋಗುವುದನ್ನು ಈ ಡಬ್ಬಿ ತಪ್ಪಿಸಿದೆ. ಒಳಗೆ ಒಂದು ಸಿಮ್. ರೈತ ಕರೆ ಮಾಡಿದರೆ ಮೋಟರ್ ತಿರುಗುತ್ತದೆ. ಮೂರನೇ ತರಗತಿಯ ಮಕ್ಕಳಿಗೆ ಇದು ಮಾಮೂಲು ಸಂಗತಿ.

ಹಾಗಾದರೆ ಶಾಲೆಯ ಅತಿ ಹೊಸ ಪೆಟ್ಟಿಗೆಯಲ್ಲಿ ಇಷ್ಟು ಹಳೇ ಹೊಲ ಯಾಕಿದೆ? ಕಿಟಕಿಯಾಚೆಯ ಬೇಸಾಯದಲ್ಲಿ ಸಿಮ್ ಇದೆ, ಡ್ರಿಪ್ ಪೈಪಿದೆ, ಬಾಡಿಗೆ ಕೊಯ್ಲು ಯಂತ್ರವಿದೆ. ಟೀವಿಯೊಳಗಿನ ರೈತ ಅದೆಲ್ಲವನ್ನೂ ತೊಳೆದುಕೊಂಡು, ಪೇಟ ಸುತ್ತಿ, ನೇಗಿಲು ಹೊತ್ತು ನಗುತ್ತಿದ್ದಾನೆ. ಮಾಡಿದವರು ಯಾರೆಂದು ಕೇಳಿದೆ. ಪೆನ್‌ಡ್ರೈವಿನಲ್ಲಿತ್ತು ಎಂದರು ಮಿಸ್, ಎಲ್ಲಿಂದ ಬಂತೋ ನೆನಪಿಲ್ಲ. ನನ್ನ ಗುಮಾನಿ ಇಷ್ಟು: ಅದು ಮಾಡಿದವನ ತಾತನ ಹೊಲ. ಬೇಸಾಯ ಬಿಟ್ಟು ಪೇಟೆ ಸೇರಿದ ದಿನ ಅವನ ಮನಸ್ಸಿನಲ್ಲಿ ಹೊಲ ಹೇಗಿತ್ತೋ ಹಾಗೇ ನಿಂತುಹೋಗಿದೆ.

*

ಕಣದ ಕಥೆಯೂ ಇದೇ. ಪರದೆಯ ಮೇಲೆ ಸಗಣಿ ಸಾರಿಸಿದ ಕಣ, ರೋಣಗಲ್ಲು. “ರಾಗಿ ಎಲ್ಲಿ ಒಕ್ಕಣೆ ಮಾಡ್ತಾರೆ?” “ರೋಡಲ್ಲಿ!” ಸುಗ್ಗಿಯಲ್ಲಿ ಈ ಕಡೆ ಬಸ್ಸಿನಲ್ಲಿ ಬಂದವರಿಗೆ ಗೊತ್ತು: ಟಾರು ರಸ್ತೆಯುದ್ದಕ್ಕೂ ತೆನೆ, ಹುರುಳಿ ಹರವಿರುತ್ತಾರೆ, ಗಾಡಿಗಳ ಚಕ್ರವೇ ರೋಣಗಲ್ಲು. ಬೈಕಿನವರು ಜಾರಿ ಬೀಳುವುದೂ ಉಂಟು. ಅದನ್ನು ಪಾಠದಲ್ಲಿ ತೋರಿಸುವುದು ಸರಿಯೇ? ತೋರಿಸದಿರುವುದು ಸರಿಯೇ? ಉತ್ತರ ಹೊಳೆಯದೆ ಟಿಪ್ಪಣಿಯ ಪುಟ ತಿರುಗಿಸುತ್ತೇನೆ.

*

“ರಾಗಿ ನಮ್ಮ ನಾಡಿನ ಬೆಳೆ” ಎಂದಿತು ವೀಡಿಯೊದ ದನಿ. ತಿನ್ನುವ ಲೆಕ್ಕದಲ್ಲಿ ಒಪ್ಪಿಕೊಳ್ಳೋಣ. ಹುಟ್ಟಿನ ಲೆಕ್ಕದಲ್ಲಿ ಅದು ಪೂರ್ವ ಆಫ್ರಿಕಾದ ಎತ್ತರದ ಸೀಮೆಯದು. ಇಲ್ಲೇ ಪಕ್ಕದ ಮಂಡ್ಯದ ವಿ.ಸಿ. ಫಾರಂನಲ್ಲಿ ದುಡಿದ ಸಿ. ಲಕ್ಷ್ಮಣಯ್ಯನವರು ಭಾರತದ ರಾಗಿಯನ್ನು ಆಫ್ರಿಕಾದ ರಾಗಿಯ ಜೊತೆ ಸಂಕರ ಮಾಡಿ ಇಂಡಾಫ್ ತಳಿಗಳನ್ನು ಕೊಟ್ಟರು. ಜನ ಅವರನ್ನು ರಾಗಿ ಲಕ್ಷ್ಮಣಯ್ಯ ಎಂದೇ ಕರೆದರು. ಇಂಡಿಯಾ, ಆಫ್ರಿಕಾ ಎರಡೂ ಆ ಹೆಸರಿನೊಳಗೇ ಇವೆ. ಇಂಥ ಕಥೆ ಕೈಯಳತೆಯಲ್ಲಿರುವಾಗ ಟೀವಿಯ ರೈತ ಬರೀ ಕೈಬೀಸುತ್ತಾನೆ.

*

ಹೊಲವನ್ನು ಟೀವಿಗೆ ಹತ್ತಿಸಿದ್ದು ಮೊನ್ನೆ ಮೊನ್ನೆಯಲ್ಲ. 1975ರ ಆಗಸ್ಟ್ 1ರಿಂದ ಒಂದು ವರ್ಷ ನಡೆದ ಸೈಟ್ ಎಂಬ ಪ್ರಯೋಗದಲ್ಲಿ ಅಮೆರಿಕದ ಉಪಗ್ರಹವೊಂದನ್ನು ಎರವಲು ಪಡೆದು ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟೀವಿ ಮುಟ್ಟಿಸಿದರು. ನಮ್ಮಲ್ಲಿ ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳು ಅದರಲ್ಲಿದ್ದವು. ಬೆಳಗ್ಗೆ ಶಾಲಾ ಮಕ್ಕಳ ಕಾರ್ಯಕ್ರಮ, ಸಂಜೆ ದೊಡ್ಡವರಿಗೆ ಬೇಸಾಯ, ಆರೋಗ್ಯ. ಆಂಟೆನಾದ ಬೋಗುಣಿ ಮಾಡಿದ್ದು ಕೋಳಿಗೂಡಿಗೆ ಹೊಡೆಯುವ ತಂತಿಜಾಲರಿಯಿಂದ! ಬಾಹ್ಯಾಕಾಶದಿಂದ ಬಂದ ಪಾಠವನ್ನು ಹಿಡಿದದ್ದು ಕೋಳಿ ಜಾಲರಿ. ಈ ಒಂದು ಸಂಗತಿಗಾಗಿ ಆ ಎಂಜಿನಿಯರುಗಳ ಮೇಲೆ ನನಗೆ ಬಹಳ ಅಕ್ಕರೆ. ಆಮೇಲೆ 2004ರಲ್ಲಿ ಎಜುಸ್ಯಾಟ್ ಉಪಗ್ರಹ ಹಾರಿತು. ಚಾಮರಾಜನಗರದ ಪ್ರಾಥಮಿಕ ಶಾಲೆಗಳಿಗೆ ಅದರಿಂದ ಪಾಠ ಬಂತು. ಈಗ ಪೆನ್‌ಡ್ರೈವು.

*

ಟೀವಿ ದಂಡ ಎಂದು ಯಾರೂ ತಿಳಿಯಬಾರದು. ರಾಗಿ ಕಾಳು ಮಣ್ಣೊಳಗೆ ಮೊಳೆಯುವ ವೀಡಿಯೊ ಹಾಕಿದರು. ನಾಲ್ಕೈದು ದಿನದ ಕೆಲಸ ಅರೆನಿಮಿಷದಲ್ಲಿ. ಕಾಳು ಉಬ್ಬಿತು, ಒಡೆಯಿತು, ಬಿಳಿ ಎಳೆಯೊಂದು ಕೆಳಮುಖವಾಗಿ ಇಳಿಯಿತು. ಗಲಾಟೆ ತಾನೇ ನಿಂತಿತು. “ಬೇರು ಮೊದ್ಲು ಬತ್ತದೆ!” ಎಂದ ಹೋರಿಕರುವಿನ ಹುಡುಗ, ಯಾರೋ ತನಗೆ ಮೋಸ ಮಾಡಿದ್ದಾರೆ ಎನ್ನುವ ದನಿಯಲ್ಲಿ. ಹೊಲದಲ್ಲೇ ಬೆಳೆದವನು, ಆದರೆ ಮೇಲೆ ಬಂದ ಹಸುರನ್ನಷ್ಟೇ ಕಂಡವನು. ಇದನ್ನು ಯಾವ ಕಿಟಕಿಯೂ ತೋರಿಸಲಾರದು. ಮತ್ತೆ ಮತ್ತೆ ಹಾಕಿಸಿಕೊಂಡು ನೋಡಿದರು, ನಾನೂ ನೋಡಿದೆ.

*

ಹಾಲಿನ ಹೊತ್ತು. 2013ರ ಆಗಸ್ಟ್ 1ರಂದು ಶುರುವಾದ ಕ್ಷೀರಭಾಗ್ಯ ಯೋಜನೆಯದು. ಲೆಕ್ಕ ಹೀಗೆ: 18 ಗ್ರಾಂ ಹಾಲಿನ ಪುಡಿಯಿಂದ ಒಂದು ಮಗುವಿಗೆ 150 ಮಿಲಿಲೀಟರ್. ಬೆಳಗ್ಗೆ ಈ ಮಕ್ಕಳೇ ಕ್ಯಾನು ಹಿಡಿದು ಡೇರಿಗೆ ಹೋಗಿ ಹಾಲು ಹಾಕಿ ಬಂದಿದ್ದಾರೆ. ಅದೇ ಹಾಲು ಎಲ್ಲೋ ಪುಡಿಯಾಗಿ, ಪೊಟ್ಟಣವಾಗಿ, ಲಾರಿ ಹತ್ತಿ ಹಿಂದಿರುಗಿ ಅವರ ಲೋಟಕ್ಕೆ ಬೀಳುತ್ತದೆ. ಟೀವಿಯಲ್ಲಿ ಮಾತ್ರ ಹಾಲು ಕೆಚ್ಚಲಿನಿಂದ ನೇರ ಗ್ಲಾಸಿಗೆ. ನಡುವಿನ ದಾರಿಯನ್ನು ಮಕ್ಕಳು ದಿನಾ ಅರ್ಧ ನಡೆಯುತ್ತಾರೆ; ಉಳಿದರ್ಧವನ್ನು ತೋರಿಸಲಿಕ್ಕೇ ಟೀವಿ ಬೇಕಿರುವುದು ಎಂದು ನನಗನಿಸುತ್ತದೆ.

*

ಮಿಸ್‌ಗೂ ಹಾಗೇ ಅನಿಸಿದೆ. ನಾನು ಬಾಯಿಬಿಡುವ ಮೊದಲೇ ಶುರುಮಾಡಿದ್ದರು. ತಂದೆತಾಯಿಯರ ವಾಟ್ಸ್‌ಆ್ಯಪ್ ಗುಂಪಿಗೆ ಹೇಳಿ ಹೊಲ, ಕೊಟ್ಟಿಗೆಯ ವೀಡಿಯೊ ತರಿಸಿಕೊಂಡು ಮೊಬೈಲಿನಿಂದ ಟೀವಿಗೆ ಹಾಕುತ್ತಾರೆ. ಮೊಬೈಲ್ ಸ್ಟಾರ್ಟರಿನ ವೀಡಿಯೊ ಕಳಿಸಿದ ಅಪ್ಪ, ಅದರ ಸಿಮ್ ನಂಬರನ್ನೂ ಸ್ಪಷ್ಟವಾಗಿ ತೋರಿಸಿದ್ದ. ಮಿಸ್ ಆ ಭಾಗ ಕತ್ತರಿಸಿದರು. ಇಲ್ಲದಿದ್ದರೆ ಆ ರಾತ್ರಿ ಅವನ ಮೋಟರ್ ಎಷ್ಟು ಸಲ ಆನ್ ಆಗುತ್ತಿತ್ತೋ.

ನಿನ್ನೆ ಡೇರಿ ಚೀಟಿಯ ದಿನ. ಒಬ್ಬಳು ತಂದ ಚೀಟಿಯ ಫೋಟೊ ತೆಗೆದು ಟೀವಿಗೆ ಹಾಕಿದರು: ಲೀಟರು, ಫ್ಯಾಟು, ಎಸ್‌ಎನ್‌ಎಫ್, ದರ, ಮೊತ್ತ. ದಶಮಾಂಶ ಇನ್ನೂ ಕಲಿಯದ ಮಕ್ಕಳು “ನಾಲ್ಕು ಪಾಯಿಂಟ್ ಒಂದು” ಎಂದು ಸಲೀಸಾಗಿ ಓದಿದರು. ಎರಡನೆಯ ಚೀಟಿಯಲ್ಲಿ ಫ್ಯಾಟು ಮೂರು ಪಾಯಿಂಟ್ ಎರಡು. “ನೀರ್ ಬೆರ್ಸವ್ರೆ!” ಎಂದ ಒಬ್ಬ. ಆ ಚೀಟಿ ತಂದವಳು ಅತ್ತಳು. ಅವಳ ಅಣ್ಣ ಮಧ್ಯಾಹ್ನದ ಬಿಡುವಿನಲ್ಲಿ ಅವನನ್ನು ಹುಡುಕಿಕೊಂಡು ಬಂದ. ಮೇವು ಬದಲಾದರೂ ಫ್ಯಾಟು ಇಳಿಯುತ್ತದೆ ಎಂದು ಮಿಸ್ ಹೇಳುತ್ತಲೇ ಇದ್ದರು, ಕೇಳುವವರಿರಲಿಲ್ಲ. ನಾಳೆಯಿಂದ ಚೀಟಿ ತರುವವರು ಹೆಸರು, ಮೆಂಬರ್ ನಂಬರು ಕತ್ತರಿಸಿ ತರಬೇಕು ಎಂದು ಬೋರ್ಡಿನ ಮೇಲೆ ಬರೆದಿದ್ದಾರೆ.